ಒಂದೇ ಪಂಜರ, ಎರಡು ಕಾನೂನು

ಮತ್ತೀಕೆರೆಯಲ್ಲಿರುವ ನಮ್ಮ ಭಾವನ ಮನೆ ಟೆರೇಸಿಗೆ ಹೋದರೆ ಮೊದಲು ಮೂಗಿಗೆ ನವಣೆ ಹೊಟ್ಟಿನ ಧೂಳು ಬಡಿಯುತ್ತದೆ, ಆಮೇಲೆ ಕಿವಿಗೆ ಗಲಾಟೆ. ನೀರಿನ ಟ್ಯಾಂಕಿನ ಪಕ್ಕ ತಗಡಿನ ಶೆಡ್ಡು, ಅದರೊಳಗೆ ಪಂಜರಗಳು, ಪಂಜರದ ಕಂಬಿಗೆ ತಂತಿಯಲ್ಲಿ ಕಟ್ಟಿದ ಪುಟ್ಟ ಪುಟ್ಟ ಮಡಕೆಗಳು. ಎಲ್ಲ ಪುಟ್ಟ ಗಿಣಿ ಜಾತಿಯವು: ಎಂಟು ಜೋಡಿ ಬಡ್ಜಿ, ನಾಲ್ಕು ಜೋಡಿ ಆಫ್ರಿಕನ್ ಲವ್‌ಬರ್ಡ್. (ನಮ್ಮ ಊರಲ್ಲಿ ಬಡ್ಜಿಯನ್ನೇ ಲವ್ ಬರ್ಡ್ಸ್ ಅನ್ನುತ್ತಾರೆ, ಅದು ಬೇರೆ ಗೊಂದಲ.) ಮರಿಯಾದರೆ ಪರಿಚಯದವರಿಗೆ ಕೊಡುತ್ತಾರೆ. ಬಂದ ದುಡ್ಡು ನವಣೆಗೂ ಸಾಲುವುದಿಲ್ಲ. ಹವ್ಯಾಸ ಅಂದರೆ ಅದೇ ಅಲ್ವಾ?

ಹೋದ ಸಲ ಸಿಕ್ಕಾಗ ಭಾವ ಆಫ್ರಿಕನ್ ಲವ್‌ಬರ್ಡ್‌ಗಳ ಅಕ್ಕಪಕ್ಕದ ಎರಡು ಪಂಜರ ತೋರಿಸಿದರು. ಎಡಗಡೆ ಪೀಚ್‌ಫೇಸ್, ಗುಲಾಬಿ ಮುಖ. ಬಲಗಡೆ ಫಿಷರ್, ಕೆಂಪು ಕೊಕ್ಕು, ಕಣ್ಣಿನ ಸುತ್ತ ಸುಣ್ಣದಲ್ಲಿ ಬಳೆ ಬರೆದ ಹಾಗೆ ಬಿಳಿ ಉಂಗುರ. "ಫಿಷರನ್ನ ರಿಜಿಸ್ಟರ್ ಮಾಡಿಸಬೇಕಂತೆ, ಪೀಚ್‌ಫೇಸನ್ನ ಬೇಡ್ವಂತೆ. ಎರಡೂ ಹೆಚ್ಚುಕಮ್ಮಿ ಒಂದೇ ಸೈಜು, ತಿನ್ನೋದು ಒಂದೇ ನವಣೆ. ಇದ್ಯಾವ ನ್ಯಾಯ, ನೀನೇ ಹೇಳು."

ನ್ಯಾಯದ ಮಾತು ಆಮೇಲೆ. ಲೆಕ್ಕ ಹೀಗಿದೆ. ವನ್ಯಜೀವಿ ಕಾಯ್ದೆ 1972ರದ್ದು. ಅದಕ್ಕೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಾಡುಪ್ರಾಣಿಗಳ ವ್ಯಾಪಾರದ ಮೇಲೆ ಕಣ್ಣಿಡುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳೂ ಈಗ ನಮ್ಮ ಕಾಯ್ದೆಯೊಳಗೆ ಬಂದಿವೆ. ಅಂಥದ್ದನ್ನು ಸಾಕಿಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ನಿಯಮ ಬಂತು. ಮರಿ ಹುಟ್ಟಿದರೂ ತಿಳಿಸಬೇಕು, ಹಕ್ಕಿ ಸತ್ತರೂ ತಿಳಿಸಬೇಕು. ಗಿಣಿ ಜಾತಿಯ ಹಕ್ಕಿಗಳು ಬಹುತೇಕ ಎಲ್ಲವೂ ಸೈಟಿಸ್ ಪಟ್ಟಿಯಲ್ಲಿವೆ, ನಾಲ್ಕು ಬಿಟ್ಟು: ಬಡ್ಜಿ, ಕಾಕಟೀಲ್, ಪೀಚ್‌ಫೇಸ್ ಲವ್‌ಬರ್ಡ್, ಮತ್ತೆ ನಮ್ಮದೇ ಹಸಿರು ಗಿಣಿ. ತಮಾಷೆ ನೋಡಿ, ಆ ನಾಲ್ಕನೆಯದನ್ನು ಭಾರತದಲ್ಲಿ ಸಾಕುವ ಹಾಗೇ ಇಲ್ಲ, ಅದು ನಮ್ಮ ಕಾಡಿನ ಹಕ್ಕಿ, ಪಂಜರದಲ್ಲಿಟ್ಟರೆ ಅಪರಾಧ.

ಫಿಷರ್ ಯಾಕೆ ಪಟ್ಟಿಯಲ್ಲಿದೆ ಅಂದರೆ, ಕಾಡಿನಿಂದ ಹಿಡಿದು ಮಾರುವುದಕ್ಕೆ ಲಗಾಮು ಹಾಕಲು 1981ರಲ್ಲೇ ಗಿಣಿ ಜಾತಿಗಳನ್ನು ಹೆಚ್ಚುಕಮ್ಮಿ ಒಟ್ಟಿಗೇ ಪಟ್ಟಿಗೆ ಸೇರಿಸಿದ್ದರು. ಆ 1980ರ ದಶಕದಲ್ಲೇ ಫಿಷರನ್ನು ತಾಂಜಾನಿಯಾದಿಂದ ರಾಶಿರಾಶಿ ಹಿಡಿದು ಜಗತ್ತಿಗೆಲ್ಲ ಮಾರಿದರು. ಅಂದರೆ ಈ ಪಟ್ಟಿಗೆ ಚಿಂತೆ ಕಾಡಿನದ್ದು. ಭಾವನ ಟೆರೇಸಿನಲ್ಲಿರುವ ಹಕ್ಕಿ ಸುಖವಾಗಿದೆಯೋ ಇಲ್ಲವೋ, ಆ ಪಟ್ಟಿ ಕೇಳುವುದೇ ಇಲ್ಲ.

ಹಾಗಂತ ಎರಡೂ ಒಂದೇ ಅಂತ ಭಾವ ಹೇಳಿದ್ದು ಮಾತ್ರ ಸರಿಯಲ್ಲ. ಪೀಚ್‌ಫೇಸ್ ಹೆಣ್ಣಿಗೆ ಒಂದು ತೆಂಗಿನ ಗರಿ ಕೊಟ್ಟು ಸುಮ್ನೆ ಕೂತು ನೋಡಿ. ಅಂಚಿನುದ್ದಕ್ಕೂ ಕೊಕ್ಕಿನಲ್ಲಿ ಟಕ್ ಟಕ್ ಅಂತ ತೂತು ಹೊಡೆಯುತ್ತಾ ಹೋಗುತ್ತದೆ, ಹಳೇ ಕಂಡಕ್ಟರು ಟಿಕೆಟ್ ಪಂಚ್ ಮಾಡಿದ ಹಾಗೆ. ಉದ್ದಕ್ಕೆ ಒಂದು ಪಟ್ಟಿ ಬಿಚ್ಚಿಕೊಂಡು ಬರುತ್ತದೆ. ಆಗ ಕತ್ತು ಹಿಂದಕ್ಕೆ ತಿರುಗಿಸಿ ಅದನ್ನು ಬೆನ್ನ ಕೆಳಗಿನ ಪುಕ್ಕದೊಳಗೆ ಸಿಕ್ಕಿಸಿಕೊಳ್ಳುತ್ತದೆ. ಹೀಗೆ ಕೆಲವು ಪಟ್ಟಿ ಸೇರಿಸಿಕೊಂಡು ಒಟ್ಟಿಗೆ ಗೂಡಿಗೆ ಒಯ್ಯುತ್ತದೆ. ಫಿಷರ್ ಹಾಗಲ್ಲ, ಒಂದೊಂದೇ ಪಟ್ಟಿ ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಈ ಎರಡನ್ನೂ ಕೂಡಿಸಿ ಮರಿ ಮಾಡಿಸಿದ್ದರು, 1962ರಲ್ಲಿ ಅದರ ಬಗ್ಗೆ ಬರೆದರು. ಆ ಮಿಶ್ರತಳಿ ಹೆಣ್ಣುಗಳ ಪಾಡು ಕೇಳಬೇಡಿ. ಪಟ್ಟಿಯನ್ನು ಪುಕ್ಕಕ್ಕೆ ಸಿಕ್ಕಿಸಲು ನೋಡುತ್ತಿದ್ದವು, ಕೊಕ್ಕು ಬಿಡಲು ಆಗುತ್ತಿರಲಿಲ್ಲ, ಬಿಟ್ಟರೆ ಪಟ್ಟಿ ನಿಲ್ಲುತ್ತಿರಲಿಲ್ಲ. ಕೊಕ್ಕಿನಲ್ಲೇ ಒಯ್ಯುವುದನ್ನು ಕಲಿಯಲು ವರ್ಷಗಳೇ ಹಿಡಿದವು. ಕಲಿತ ಮೇಲೂ ಹೊರಡುವ ಮುಂಚೆ ಕತ್ತನ್ನು ಒಮ್ಮೆ ಹಿಂದಕ್ಕೆ ತಿರುಗಿಸುವ ಚಾಳಿ ಹೋಗಲಿಲ್ಲ. (ಸೈಟಿಸ್ ಲೆಕ್ಕದಲ್ಲಿ ಅಂಥ ಮಿಶ್ರತಳಿಯೂ ಫಿಷರ್ ಕಡೆಗೇ ಸೇರುತ್ತದೆ.)

ಇಷ್ಟು ಉದ್ದಕ್ಕೆ ಹೇಳಿದ್ದು ಯಾಕೆಂದರೆ, ಸಾಕುವವರು ನಿಜವಾಗಿ ಯೋಚಿಸಬೇಕಾದ ಕಾನೂನು ಇನ್ನೊಂದಿದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅಲುಗಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಟ್ಟರೆ ತಪ್ಪು ಅಂತ ಅದರಲ್ಲಿದೆ, ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇವತ್ತು ಒಂದು ಮಸಾಲೆ ದೋಸೆಗೂ ಸಾಲದ ದುಡ್ಡು. ಇದನ್ನು ತಿದ್ದಲು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಕರಡು ಮಸೂದೆ ಹೊರಡಿಸಿತು. ಅದರಲ್ಲಿ ಪ್ರಾಣಿಗಳಿಗೆ ಐದು ಸ್ವಾತಂತ್ರ್ಯಗಳ ಮಾತಿದೆ. ಹಸಿವು ಬಾಯಾರಿಕೆ ಇರಬಾರದು, ನೋವು ಇರಬಾರದು, ಇವೆಲ್ಲ ಯಾರಾದರೂ ಒಪ್ಪುವಂಥವೇ. ತೊಡಕಿರುವುದು "ಸಹಜವಾಗಿ ನಡೆದುಕೊಳ್ಳುವ ಸ್ವಾತಂತ್ರ್ಯ" ಅನ್ನುವುದರಲ್ಲಿ. ಪೀಚ್‌ಫೇಸ್‌ಗೆ ಗರಿ ಹರಿಯುವುದು ಸಹಜ. ಎರಡಡಿ ಪಂಜರದಲ್ಲಿ ಕಾಳು, ನೀರು, ಮಡಕೆ ಇಟ್ಟು, ಹರಿಯಲು ಒಂದು ಎಲೆಯೂ ಕೊಡದಿದ್ದರೆ?

ಇದು ಬರೀ ಭಾವುಕತೆ ಅಂತ ಅನ್ನುವವರಿಗೆ ಪ್ರಯೋಗಗಳಿವೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಎಳೆಯ ಅಮೆಜಾನ್ ಗಿಣಿಗಳಲ್ಲಿ ಕೆಲವಕ್ಕೆ ಸುಮ್ಮನೆ ಬಟ್ಟಲಲ್ಲಿ ಊಟ ಕೊಟ್ಟರು, ಇನ್ನು ಕೆಲವಕ್ಕೆ ಹುಡುಕಿ, ತೂತಿನಿಂದ ಎಳೆದು, ಕಡಿದು ತಿನ್ನುವ ಹಾಗೆ ಮಾಡಿದರು, ಹತ್ತಿ ಆಡಲೂ ಏನಾದರೂ ಇಟ್ಟರು. ಬಟ್ಟಲಿನವು ತಮ್ಮ ಪುಕ್ಕ ತಾವೇ ಕಿತ್ತುಕೊಳ್ಳತೊಡಗಿದವು. ಅವುಗಳಿಗೂ ಕೆಲಸ ಕೊಟ್ಟ ಮೇಲೆ ಸುಧಾರಿಸಿದವು. 2021ರಲ್ಲಿ ಬಂದ ಇನ್ನೊಂದು ಅಧ್ಯಯನ ಹಲವು ಗಿಣಿ ಜಾತಿಗಳನ್ನು ಹೋಲಿಸಿ ನೋಡಿತು. ಕಾಡಿನಲ್ಲಿ ಸುಲಿದು, ಒಡೆದು, ಕಷ್ಟಪಟ್ಟು ತಿನ್ನುವ ಜಾತಿಗಳು ಪಂಜರದಲ್ಲಿ ಪುಕ್ಕ ಕೀಳುವುದು ಜಾಸ್ತಿ. ಮೈಗೆ ಹೋಲಿಸಿದರೆ ದೊಡ್ಡ ಮೆದುಳಿರುವ ಜಾತಿಗಳಲ್ಲಿ ಒಂದೇ ಆಟ ಮತ್ತೆ ಮತ್ತೆ ಆಡುವ ಗೀಳು ಜಾಸ್ತಿ. ಹಾಲ್‌ನಲ್ಲಿ ಟೀವಿ ಪಕ್ಕ ಒಂಟಿಯಾಗಿ ಕೂತ ಗ್ರೇ ಪ್ಯಾರಟ್ ದಿನವಿಡೀ ತಲೆ ತೂಗುತ್ತಿದ್ದರೆ ಅದು ಡ್ಯಾನ್ಸ್ ಅಂತ ಮನೆಯವರು ವಿಡಿಯೋ ಮಾಡುತ್ತಾರೆ. ಅದಕ್ಕೆ ಬೇಜಾರಾಗಿರಲೂ ಬಹುದು.

ಅಮೆರಿಕದವರು 2023ರಲ್ಲಿ ಹಕ್ಕಿಗಳಿಗೆ ಕಲ್ಯಾಣ ನಿಯಮ ಮಾಡಿದಾಗ ತೂಕ ಹಿಡಿದರು. 250 ಗ್ರಾಂ ಒಳಗಿನ ಹಕ್ಕಿಗಳನ್ನು ವರ್ಷಕ್ಕೆ 200ರ ತನಕ ಮಾರುವವರಿಗೆ ಲೈಸೆನ್ಸ್ ಬೇಡ, ದೊಡ್ಡ ಹಕ್ಕಿಗಾದರೆ ಮಿತಿ ಬೆರಳೆಣಿಕೆಯಷ್ಟು. ತಕ್ಕಡಿಗೆ ಮೆದುಳು ಕಾಣುವುದಿಲ್ಲ ನಿಜ, ಆದರೂ ಮನೆಯಲ್ಲಿ ನಾಲ್ಕು ಜೋಡಿ ಬಡ್ಜಿ ಇಟ್ಟವರನ್ನೂ ಮಕಾವ್‌ನಂಥ ದೊಡ್ಡ ಗಿಣಿ ಮಾರುವವರನ್ನೂ ಒಂದೇ ಹಗ್ಗದಲ್ಲಿ ಕಟ್ಟದೇ ಇರುವುದು ನನಗೆ ಸರಿ ಅನ್ನಿಸುತ್ತದೆ. ನಮ್ಮಲ್ಲಿ ಕಾನೂನು ಬಿಗಿಯಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಪಂಜರ ಅಳೆಯುವ ಟೇಪಿಗೆ ಸಿಗದ ಇನ್ನೊಂದು ವಿಷಯ ಮಡಕೆ. ಬಡ್ಜಿ ಆಸ್ಟ್ರೇಲಿಯಾದ ಒಣ ನಾಡಿನ ಅಲೆಮಾರಿ. ಮಳೆ ಬಂದು, ಹುಲ್ಲು ತೆನೆಯೊಡೆದು, ಮರದ ಪೊಟರೆ ಸಿಕ್ಕರೆ ಆಗ ಗೂಡು. ಟೆರೇಸಿನಲ್ಲಿ ಕಾಳು ದಿನಾ ಇದೆ, ಪೊಟರೆಯಂಥ ಮಡಕೆ ಸದಾ ತೂಗುತ್ತಿದೆ. ಅದರ ಮೈಗೆ ವರ್ಷವಿಡೀ ಮಳೆಗಾಲ. ನಾಲ್ಕರಿಂದ ಆರು ಮೊಟ್ಟೆ, 18 ದಿನ ಕಾವು, ಮರಿ ಹಾರಿ ಹೋಗುವ ಮುಂಚೆ ಮತ್ತೆ ಮೊಟ್ಟೆ. ಚಿಪ್ಪಿಗೆ ಸುಣ್ಣದಂಶ ಮೂಳೆಯಿಂದಲೂ ಹೋಗುತ್ತದೆ. ಅದೂ ಖಾಲಿಯಾದರೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ನಾಯಿ ಮರಿ ಮಾಡಿಸುವವರಿಗೆ 2017ರ ನಿಯಮ ಇದೆ, ಒಂದು ಹೆಣ್ಣಿಗೆ ಆಯುಷ್ಯದಲ್ಲಿ ಐದು ಸೂಲಿಗಿಂತ ಹೆಚ್ಚು ಬೇಡ ಅಂತ. ಹಕ್ಕಿಗೆ ಅಂಥ ಲೆಕ್ಕ ಇಲ್ಲ.

ಡಿಸೆಂಬರ್ ಚಳಿಯಲ್ಲಿ ಭಾವನ ಹಳದಿ ಹೆಣ್ಣು ಬಡ್ಜಿಯೊಂದು ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು. ಬಿಸಿಗೆ ಬಲ್ಬ್ ಹಾಕಿ, ಡಾಕ್ಟರ ಹತ್ತಿರ ಒಯ್ದು ಉಳಿಸಿಕೊಂಡರು. ಮಾರನೇ ದಿನ ಎಂಟೂ ಮಡಕೆ ಬಿಚ್ಚಿ, ತೊಳೆದು, ಟ್ಯಾಂಕಿನ ಪಕ್ಕ ಬೋರಲು ಹಾಕಿದರು. "ಯುಗಾದಿ ತನಕ ರಜೆ" ಅಂದರು. ಆ ಹಳದಿಯದು ಚೇತರಿಸಿಕೊಂಡ ಮೇಲೆ, ಮಡಕೆ ಇದ್ದ ಮೂಲೆಗೆ ಹೋಗಿ ಖಾಲಿ ತಂತಿಯನ್ನು ಕೊಕ್ಕಿನಲ್ಲಿ ಎಳೆದು ಎಳೆದು ನೋಡುತ್ತಿತ್ತು.