ತಜ್ಞರ ಶಿಫಾರಸು, ಸರಕಾರದ ಸಹಿ: ಗುಳ್ಳ ಬದನೆ ಹಿಡಿದು ಓದಿದ ಟಿಪ್ಪಣಿ

ಕೆಎಎಸ್‌ಗೆ ಓದುತ್ತಿರುವ ಮಂಗಳೂರು, ಉಡುಪಿಯ ಗೆಳೆಯರಿಗೆ ಈ ಟಿಪ್ಪಣಿ. ವಿಜ್ಞಾನ ಮತ್ತು ತಂತ್ರಜ್ಞಾನದಲ್ಲಿ ಸರಕಾರ ಹೊರಗಿನ ತಜ್ಞರ ಸಲಹೆ ಪಡೆಯುವ ಬಗೆಯನ್ನು ನಮ್ಮ ಗೈಡುಗಳು ಸಂಸ್ಥೆಗಳ ಪಟ್ಟಿಯಾಗಿ ಕೊಡುತ್ತವೆ. ಪಟ್ಟಿ ಬಾಯಿಪಾಠ ಆಗುತ್ತದೆ. ಯಾರ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ. ನನಗೆ ಅದು ಬಿಡಿಸಿಕೊಂಡದ್ದು ಬಿಟಿ ಬದನೆಯ ಪ್ರಕರಣವನ್ನು ದಿನಾಂಕ ಹಿಡಿದು ಓದಿದಾಗ. ಹಾಗಾಗಿ ಹೆಚ್ಚಿನ ಜಾಗ ಬದನೆಗೇ.

ಸಂಸ್ಥೆಗಳು

ಕೇಂದ್ರದಲ್ಲಿ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಶುರುವಾದದ್ದು 1999ರ ನವೆಂಬರಿನಲ್ಲಿ. ಅಬ್ದುಲ್ ಕಲಾಂ, ಆರ್. ಚಿದಂಬರಂ, ಕೆ. ವಿಜಯರಾಘವನ್, ಅಜಯ್ ಕುಮಾರ್ ಸೂದ್ ಎಂಬ ಕ್ರಮ ನೆನಪಿರಲಿ. ಪ್ರಧಾನಿಯವರ ವಿಜ್ಞಾನ, ತಂತ್ರಜ್ಞಾನ ಸಲಹಾ ಮಂಡಳಿ 2018ರದ್ದು. ಹೊರಗಿನ ತಜ್ಞರು ಒಳಗೆ ಬರುವ ಮುಖ್ಯ ದಾರಿ ನಾಲ್ಕು: ಕಾನೂನಿನಡಿಯ ಕಾಯಂ ಸಮಿತಿ, ಒಂದೇ ವಿಷಯಕ್ಕೆಂದು ನೇಮಿಸಿದ ಸಮಿತಿ, ವಿಜ್ಞಾನ ಅಕಾಡೆಮಿಗಳು, ಕೋರ್ಟು ನೇಮಿಸುವ ಸಮಿತಿ. ಬದನೆಯಲ್ಲಿ ಈ ನಾಲ್ಕೂ ಇವೆ, ಅದಕ್ಕೇ ಅದನ್ನು ಆರಿಸಿಕೊಂಡೆ.

ಬದನೆ

ಕುಡಿ ಮತ್ತು ಕಾಯಿ ಕೊರೆಯುವ ಹುಳುವನ್ನು ತಡೆಯಲು ಬ್ಯಾಕ್ಟೀರಿಯಾದ ಒಂದು ಜೀನನ್ನು ಬದನೆಗೆ ಸೇರಿಸಿದ್ದೇ ಬಿಟಿ ಬದನೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದಕ್ಕಾಗಿ ತೆಗೆದುಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿ ಗುಳ್ಳವೂ ಒಂದು. ಕಟಪಾಡಿ ಬಳಿಯ ಮಟ್ಟುವಿನಲ್ಲಿ ರೈತರೇ ಬೀಜ ತೆಗೆದಿಟ್ಟು ಉಳಿಸಿಕೊಂಡು ಬಂದ ಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮ್ಮ ಕಡೆಯವರಿಗೆ ಈ ವಿಷಯ ದೂರದ್ದಲ್ಲ.

1986ರ ಪರಿಸರ ಕಾಯ್ದೆಯಡಿ ಬಂದ 1989ರ ನಿಯಮಗಳ ಪ್ರಕಾರ ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವುದು ಜಿಇಎಸಿ, ಅಂದರೆ ಪರಿಸರ ಸಚಿವಾಲಯದ ಜೆನೆಟಿಕ್ ಎಂಜಿನಿಯರಿಂಗ್ ಪರಿಶೀಲನಾ ಸಮಿತಿ. 2009ರಲ್ಲಿ ಒಂದು ತಜ್ಞ ಸಮಿತಿ ಸುರಕ್ಷತೆಯ ಮಾಹಿತಿಯನ್ನೆಲ್ಲ ನೋಡಿ ಒಪ್ಪಿತು. ಅದರ ಮೇಲೆ ಅಕ್ಟೋಬರ್ 14ರಂದು ಜಿಇಎಸಿಯೂ ಹೂಂ ಎಂದಿತು. 2010ರ ಫೆಬ್ರವರಿ 9ರಂದು ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು.

ತಜ್ಞರು ಹೌದು ಎಂದದ್ದನ್ನು ಮಂತ್ರಿ ಬೇಡ ಎಂದರೆ ಅದು ವಿಜ್ಞಾನವನ್ನು ತಳ್ಳಿಹಾಕಿದಂತೆಯೇ? ನಾನು ಬಹಳ ಹೊತ್ತು ನಿಂತದ್ದು ಇಲ್ಲೇ, ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ.

ಜಿಇಎಸಿಯ ಮುಂದಿದ್ದ ಪ್ರಶ್ನೆ ಸುರಕ್ಷತೆಯದ್ದು. ತಿನ್ನುವವರಿಗೆ, ಮಣ್ಣಿಗೆ, ಬೇರೆ ಕೀಟಗಳಿಗೆ ತೊಂದರೆ ಇದೆಯೇ ಎಂದು ಮುಂದಿಟ್ಟ ದಾಖಲೆ ನೋಡಿ ಹೇಳಬೇಕಿತ್ತು. ಅದು ಉತ್ತರ ಕೊಟ್ಟಿತು. ಜತೆಗೆ, ಇದು ದೇಶಮಟ್ಟದ ನೀತಿಯ ವಿಷಯವಾದ್ದರಿಂದ ಕೊನೆಯ ತೀರ್ಮಾನ ಸರಕಾರವೇ ಮಾಡಲಿ ಎಂದು ತಾನಾಗಿಯೇ ಕಡತವನ್ನು ಮೇಲಕ್ಕೆ ಕಳಿಸಿತು. ಈ ಒಂದು ಸಾಲು ಗೈಡುಗಳಲ್ಲಿ ಇರುವುದಿಲ್ಲ, ಪ್ರಕರಣ ತಿರುಗುವುದು ಇದರ ಮೇಲೆಯೇ.

ಮಂತ್ರಿಯ ಮುಂದಿದ್ದ ಪ್ರಶ್ನೆ ಬೇರೆ. ಇದು ಈಗಲೇ ಬೇಕೇ? ಪರೀಕ್ಷೆಯ ಮಾಹಿತಿ ಬಹುಪಾಲು ಬೀಜ ಕಂಪನಿಯದ್ದೇ ಆಗಿರುವಾಗ ಅದು ಸಾಕೇ? ಬದನೆಯ ಸಾವಿರ ಬಗೆ ಇರುವ ದೇಶದಲ್ಲಿ ಊರಿನ ತಳಿಗಳ ಗತಿ ಏನು? ಕೃಷಿ ರಾಜ್ಯದ ವಿಷಯ, ರಾಜ್ಯಗಳು ಬೇಡ ಎನ್ನುತ್ತಿವೆಯಲ್ಲ? ಸಚಿವರು ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು, ಕೊನೆಯದು ಬೆಂಗಳೂರಿನಲ್ಲಿ. ವಿಜ್ಞಾನಿಗಳಲ್ಲೇ ಒಮ್ಮತ ಇರಲಿಲ್ಲ. ಸುಪ್ರೀಂ ಕೋರ್ಟ್ ಜಿಇಎಸಿಗೆ ತನ್ನ ಪರವಾಗಿ ಕಳಿಸಿದ್ದ ಪಿ.ಎಂ. ಭಾರ್ಗವ ಬಹಿರಂಗವಾಗಿಯೇ ಭಿನ್ನಮತ ಹೇಳಿದ್ದರು.

ಹಾಗಾಗಿ ಯಾವ ಸಮಿತಿ ಎದುರಾದರೂ ನಾನು ಪುಸ್ತಕದ ಅಂಚಿನಲ್ಲಿ ಮೂರು ಮಾತು ಬರೆದುಕೊಳ್ಳುತ್ತೇನೆ: ಕೇಳಿದವರು ಯಾರು, ಕೇಳಿದ್ದು ಏನು, ಸಹಿ ಯಾರದು. ನಡುವಿನದ್ದು ಅತಿ ಮುಖ್ಯ. ಸಮಿತಿ ನೇಮಿಸುವ ಆದೇಶದ ‘ಟರ್ಮ್ಸ್ ಆಫ್ ರೆಫರೆನ್ಸ್’ ಭಾಗದಲ್ಲಿ ಅದು ಇರುತ್ತದೆ. ವರದಿಗಿಂತ ಮೊದಲು ಅದನ್ನು ಓದಿ.

ತಡೆಯ ನಂತರ ದೇಶದ ಆರು ಅಕಾಡೆಮಿಗಳಿಂದ ಸಚಿವರು ಅಭಿಪ್ರಾಯ ಕೇಳಿದರು. 2010ರ ಸೆಪ್ಟೆಂಬರಿನಲ್ಲಿ ಬಂದ ವರದಿಯಲ್ಲಿ ಬೇರೆಡೆಯಿಂದ ಎತ್ತಿದ ಸಾಲುಗಳು ಸಿಕ್ಕಿ, ಡಿಸೆಂಬರಿನಲ್ಲಿ ತಿದ್ದಿದ ಪ್ರತಿ ಕೊಡಬೇಕಾಯಿತು. ನನಗೆ ಇದು ಬಹಳ ಬೇಸರ ತಂದ ಭಾಗ. ದೇಶದ ಅತಿ ಹಿರಿಯ ವಿಜ್ಞಾನಿಗಳ ಮಾತಿಗೆ ತೂಕ ಬರಬೇಕಾದ ಹೊತ್ತಿನಲ್ಲೇ ಅದು ಹಗುರವಾಯಿತು. ಹೊರಗಿನವರು ಎಂದ ಮಾತ್ರಕ್ಕೆ ಸ್ವತಂತ್ರ ಪರಿಶೀಲನೆ ನಡೆದಿದೆ ಎಂದು ಉತ್ತರದಲ್ಲಿ ಬರೆಯಬೇಡಿ. ಕುಲಾಂತರಿ ಬೆಳೆಗಳ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿಯಲ್ಲೂ ಮರುವರ್ಷ ಐವರದ್ದು ಒಂದು ವರದಿ, ಆರನೆಯವರದ್ದು ಬೇರೆ.

ಘಟ್ಟ

ಪಶ್ಚಿಮ ಘಟ್ಟ ಎಂಬ ಒಂದೇ ಬೆಟ್ಟಸಾಲಿಗೆ ಎರಡು ವರದಿ ಹೇಗೆ ಎಂದು ಕೇಳುವವರಿಗೆ ಅದೇ ಮೂರು ಮಾತು. ಮಾಧವ ಗಾಡ್ಗೀಳ್ ಸಮಿತಿಯನ್ನು 2010ರಲ್ಲಿ ಕೇಳಿದ್ದು ಪರಿಸರ ಸೂಕ್ಷ್ಮತೆಯ ಬಗ್ಗೆ. ಅದು ಇಡೀ ಘಟ್ಟವನ್ನು ಸೂಕ್ಷ್ಮ ಪ್ರದೇಶ ಎಂದು ಮೂರು ವಲಯ ಮಾಡಿತು, ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡ ಎಂದಿತು. ಆ ನೀರು ಕುಮಾರಧಾರೆ ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಬರುವಂಥದ್ದು. 2011ರಲ್ಲೇ ಕೊಟ್ಟ ವರದಿ ಜನರ ಕೈಗೆ ಬಂದದ್ದು ಮಾಹಿತಿ ಹಕ್ಕಿನ ಅರ್ಜಿ ದೆಹಲಿ ಹೈಕೋರ್ಟಿನವರೆಗೆ ಹೋದ ಮೇಲೆ, 2012ರಲ್ಲಿ. ಕಸ್ತೂರಿರಂಗನ್ ಸಮಿತಿಗೆ ಕೊಟ್ಟ ಕೆಲಸ, ರಾಜ್ಯಗಳ ಆಕ್ಷೇಪ ಮತ್ತು ಅಲ್ಲಿನ ಜನರ ಬೇಡಿಕೆಗಳನ್ನೂ ಇಟ್ಟುಕೊಂಡು ಆ ವರದಿಯನ್ನು ಮತ್ತೆ ನೋಡುವುದು. ಅದರ 2013ರ ಉತ್ತರದಲ್ಲಿ ಸೂಕ್ಷ್ಮ ಪ್ರದೇಶ ಘಟ್ಟದ ಸುಮಾರು 37 ಶೇಕಡಾ ಮಾತ್ರ. 2024ರ ಜುಲೈಯಲ್ಲಿ ಕೇಂದ್ರ ಸೂಕ್ಷ್ಮ ಪ್ರದೇಶದ ಅಧಿಸೂಚನೆಯ ಆರನೇ ಕರಡು ಹೊರಡಿಸಿತು, ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಪರಿಸರ ಅನುಮತಿ

2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಲ್ಲಿ ಎರಡು ಬಗೆಯ ತಜ್ಞರನ್ನು ಬೇರೆ ಬೇರೆಯಾಗಿ ನೋಡಿ. ವರದಿ ಬರೆಯುವ ಸಲಹೆಗಾರರಿಗೆ ಹಣ ಕೊಡುವುದು ಯೋಜನೆಯವರೇ. ಅದನ್ನು ತೂಗುವುದು ಸರಕಾರ ನೇಮಿಸಿದ ತಜ್ಞರ ಸಮಿತಿ. ಸಮಿತಿಯ ಶಿಫಾರಸು ಒಪ್ಪಿಗೆಯಾಗದಿದ್ದರೆ ಅನುಮತಿ ಕೊಡುವ ಪ್ರಾಧಿಕಾರ ಕಾರಣ ಬರೆದು 45 ದಿನದೊಳಗೆ ಮರುಪರಿಶೀಲನೆಗೆ ಕಳಿಸಬೇಕು, ಸಮಿತಿ 60 ದಿನದೊಳಗೆ ಉತ್ತರಿಸಬೇಕು, ಆಮೇಲೆ ಪ್ರಾಧಿಕಾರದ್ದೇ ಕೊನೆಯ ಮಾತು. ಪರಿವೇಶ್ ಜಾಲತಾಣದಲ್ಲಿ ಈ ಸಮಿತಿಗಳ ನಡಾವಳಿ ಸಿಗುತ್ತದೆ. ನಮ್ಮ ಜಿಲ್ಲೆಯ ಒಂದು ಯೋಜನೆ ಹುಡುಕಿ, ತಜ್ಞರು ಯಾವ ಪ್ರಶ್ನೆ ಎತ್ತಿದರು, ಯಾವ ಷರತ್ತು ಹಾಕಿದರು ಎಂದು ಅದರಲ್ಲೇ ಓದಿ.