ಎಂಟು ಪುಟದ ಪ್ರಮೇಯಕ್ಕೆ ಎಷ್ಟು ಅಂಕ?

ಗಣಿತೀಯ ತರ್ಕದಲ್ಲೊಂದು, ಕಂಪ್ಯೂಟರ್ ವಿಜ್ಞಾನದಲ್ಲೊಂದು ಕಾಲಿಟ್ಟು ದುಡಿದ ವಿದ್ವಾಂಸರೊಬ್ಬರ ಪ್ರಕಟಣೆಗಳನ್ನು ಗೂಗಲ್ ಸ್ಕಾಲರ್, ಡಿಬಿಎಲ್‌ಪಿ, ಮ್ಯಾಥ್‌ಸೈನೆಟ್ ಎಂಬ ಮೂರು ಪ್ರಕಟಣಾ ಸೂಚಿ ತಾಣಗಳಲ್ಲೂ ಹುಡುಕಿ ನೋಡಿ. ಮೂರು ಕಡೆ ಮೂರು ಲೆಕ್ಕ ಸಿಗುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ, ಏನನ್ನು ಎಣಿಸಬೇಕು ಎಂಬುದರಲ್ಲೇ ಒಮ್ಮತವಿಲ್ಲ.

ಮೊದಲು ಹೀಗಿರಲಿಲ್ಲ. 1936ರಲ್ಲಿ ಜರ್ನಲ್ ಆಫ್ ಸಿಂಬಾಲಿಕ್ ಲಾಜಿಕ್ ಶುರುವಾದ ವರ್ಷವೇ ಅಲೊಂಜೊ ಚರ್ಚ್ ಅದರಲ್ಲಿ 1666ರಿಂದ ಅಲ್ಲಿಯವರೆಗಿನ ಸಾಂಕೇತಿಕ ತರ್ಕದ ಬರಹಗಳ ಪಟ್ಟಿ ಕೊಟ್ಟರು. ಇಡೀ ಶಾಸ್ತ್ರ ಒಬ್ಬರ ಕೈಗೆ ಎಟುಕುವಷ್ಟಿತ್ತು. ಆಮೇಲೆ 1964ರಲ್ಲಿ ಉಲ್ಲೇಖಗಳನ್ನು ಎಣಿಸುವ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂತು, 2005ರಲ್ಲಿ, ತಲಾ ಕನಿಷ್ಠ ಹತ್ತು ಉಲ್ಲೇಖ ಪಡೆದ ಹತ್ತು ಪ್ರಬಂಧಗಳಿದ್ದರೆ ಹತ್ತು ಎಂದು ವಿದ್ವಾಂಸರನ್ನು ಅಳೆಯುವ ಹೆಚ್-ಇಂಡೆಕ್ಸ್ ಬಂತು.

ಗೋಜಲು ಹುಟ್ಟಿದ್ದು ಈ ಎರಡರ ನಡುವಿನ ಕಾಲದಲ್ಲಿ. ಗಣಿತದವರ ರೂಢಿ ನಿಧಾನದ್ದು: ಪ್ರಮೇಯದ ಸಾಧನೆಯನ್ನು (ಪ್ರೂಫ್) ಪೂರ್ತಿ ಬರೆದು ಪತ್ರಿಕೆಗೆ ಕಳಿಸಿ, ಪರಿಶೀಲಕರ ಉತ್ತರಕ್ಕೆ ಒಂದೆರಡು ವರ್ಷ ಕಾಯುವುದು. ಕಂಪ್ಯೂಟರ್ ವಿಜ್ಞಾನಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಅದು ಸಮ್ಮೇಳನವನ್ನೇ ಪ್ರಕಟಣೆಯ ಮುಖ್ಯ ವೇದಿಕೆ ಮಾಡಿಕೊಂಡಿತು. 1969ರಲ್ಲಿ ಗಣನ ಸಿದ್ಧಾಂತದ ಸ್ಟಾಕ್ ಸಮ್ಮೇಳನ ಶುರುವಾಯಿತು, 1986ರಲ್ಲಿ ತರ್ಕದವರದೇ ಆದ ಲಿಕ್ಸ್. ಎನ್‌ಪಿ-ಕಂಪ್ಲೀಟ್ (ಕಂಪ್ಯೂಟರಿಗೂ ಬಿಡಿಸಲು ಕಠಿಣವೆಂದು ನಂಬಲಾದ ಒಂದು ಬಗೆಯ ಸಮಸ್ಯೆಗಳು) ಕಲ್ಪನೆಗೆ ಬುನಾದಿ ಹಾಕಿದ ಸ್ಟೀಫನ್ ಕುಕ್ ಅವರ 1971ರ ಬರಹ ಸ್ಟಾಕ್ ಸಂಪುಟದ ಎಂಟೇ ಎಂಟು ಪುಟ. ‘ಸಮ್ಮೇಳನ ಪ್ರಬಂಧಕ್ಕೆ ಅರ್ಧ ಅಂಕ’ ಎನ್ನುವ ನೇಮಕಾತಿ ಸಮಿತಿ ಅದಕ್ಕೆ ಎಷ್ಟು ಕೊಡುತ್ತಿತ್ತೋ! 1982ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಕೊಟ್ಟವರು ಪುಟ ಎಣಿಸಲಿಲ್ಲ ಎನ್ನುವುದೇ ಸಮಾಧಾನ.

ಇಂಥ ಸಮ್ಮೇಳನ ಪ್ರಬಂಧವನ್ನು ಬಿಡಿಸಿ ನೋಡಿದರೆ ತೊಡಕು ಕಣ್ಣಿಗೆ ಬೀಳುತ್ತದೆ. ಪುಟಮಿತಿ ಹತ್ತೋ ಹನ್ನೆರಡೋ. ಮುಖ್ಯ ಪ್ರಮೇಯದ ಕೆಳಗೆ ಸಾಧನೆಯ ಹೊಳಹು ಮಾತ್ರ ಇದ್ದು, ‘ವಿವರಗಳು ಪೂರ್ಣ ಆವೃತ್ತಿಯಲ್ಲಿ’ ಎಂಬ ಸಾಲು ಬರುತ್ತದೆ. ಪೂರ್ಣ ಆವೃತ್ತಿ ಆರ್ಕೈವ್ ಎಂಬ ಮುಕ್ತ ಜಾಲತಾಣದಲ್ಲಿರುತ್ತದೆ. ನಾಲ್ಕಾರು ವರ್ಷ ಕಳೆದು, ಕೆಲವೊಮ್ಮೆ ತುಸು ಬೇರೆ ಶೀರ್ಷಿಕೆಯಲ್ಲಿ, ಪತ್ರಿಕೆಯಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಇದು ಒಂದು ಕೃತಿಯೋ, ಮೂರೋ? ಒಟ್ಟು ಮೂವತ್ತು ಉಲ್ಲೇಖ ಮೂರು ಆವೃತ್ತಿಗೆ ಹತ್ತತ್ತರಂತೆ ಹಂಚಿಹೋದರೆ ಹೆಚ್-ಇಂಡೆಕ್ಸ್‌ಗೆ ಕಾಣುವುದು ಮೂರು ಬಡಪಾಯಿ ಪ್ರಬಂಧಗಳು. ಮೂರನ್ನೂ ಬೇರೆಬೇರೆಯಾಗಿ ಪಟ್ಟಿಗೆ ಸೇರಿಸಿದರೆ ಅದೇ ವಿದ್ವಾಂಸರು ಮೂರು ಪಟ್ಟು ದುಡಿದವರಂತೆ ಕಾಣುತ್ತಾರೆ.

ಡಿಬಿಎಲ್‌ಪಿ ಎಂಬ ಹೆಸರಿನ ಮೂಲದಲ್ಲೇ ಡೇಟಾಬೇಸ್ ಮತ್ತು ಲಾಜಿಕ್ ಪ್ರೋಗ್ರಾಮಿಂಗ್ ಇತ್ತು. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅದು ಸಮ್ಮೇಳನಗಳನ್ನು ಶ್ರದ್ಧೆಯಿಂದ ದಾಖಲಿಸುತ್ತದೆ, ಉಲ್ಲೇಖ ಎಣಿಸುವ ಗೋಜಿಗೆ ಹೋಗುವುದಿಲ್ಲ. ಶುದ್ಧ ಗಣಿತದ ಎಷ್ಟೋ ಪತ್ರಿಕೆಗಳು ಅದರ ವ್ಯಾಪ್ತಿಯ ಹೊರಗೆ. ಮ್ಯಾಥ್‌ಸೈನೆಟ್‌ನದು ಗಣಿತದವರ ಕಣ್ಣು, ಅದಕ್ಕೆ ಪತ್ರಿಕೆಯೇ ಪ್ರಧಾನ.

ಹೆಸರುಗಳ ಸಾಲಿನದು ಇನ್ನೊಂದು ಕಥೆ. ತರ್ಕ ಮತ್ತು ಗಣನ ಸಿದ್ಧಾಂತದಲ್ಲಿ ಲೇಖಕರನ್ನು ಅಕ್ಷರಕ್ರಮದಲ್ಲಿ ಬರೆಯುವುದೇ ವಾಡಿಕೆ. ಪ್ರಯೋಗಪ್ರಧಾನ ವಿಭಾಗಗಳಲ್ಲಿ ಮೊದಲ ಹೆಸರಿಗೇ ತೂಕ. ಈ ವಾಡಿಕೆ ತಿಳಿಯದ ಸಮಿತಿಯ ಮುಂದೆ ‘ಝಡ್’ನಿಂದ ಶುರುವಾಗುವ ಕುಲನಾಮದವರು ಜೀವನಪೂರ್ತಿ ಕೊನೆಯ ಲೇಖಕರು.

ಕಾಲದ ಲೆಕ್ಕವೂ ತಪ್ಪುತ್ತದೆ. ಸಾಧನೆಗಳಿಗೂ ಪ್ರೋಗ್ರಾಮ್‌ಗಳಿಗೂ ಇರುವ ನಂಟನ್ನು ಹೇಳುವ ಕರಿ–ಹೋವರ್ಡ್ ಸಂವಾದದ ಒಂದು ಮೂಲ ಬರಹ ವಿಲಿಯಂ ಹೋವರ್ಡ್ ಅವರ 1969ರ ಟಿಪ್ಪಣಿ. ಅದು ಪ್ರತಿಯಾಗಿ ಕೈಯಿಂದ ಕೈಗೆ ಓಡಾಡಿ, ಓದಿದವರ ಕೆಲಸದ ದಾರಿ ಬದಲಿಸಿ, ಅಚ್ಚಾದದ್ದು 1980ರಲ್ಲಿ. ನಡುವಿನ ಹನ್ನೊಂದು ವರ್ಷ ಯಾವ ಕೋಷ್ಟಕದಲ್ಲೂ ಇಲ್ಲ.

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳಿಗೆ ಸಿಗುವ ಸರಾಸರಿ ಉಲ್ಲೇಖ) ನೋಡಿ ವ್ಯಕ್ತಿಯನ್ನು ಅಳೆಯಬೇಡಿ ಎಂದು 2012ರ ಸ್ಯಾನ್‌ಫ್ರಾನ್ಸಿಸ್ಕೊ ಘೋಷಣೆ ಹೇಳಿತು. ಅದೇ ವರ್ಷ ಇನ್ನೊಂದು ಬಗೆಯ ಕೆಲಸವೂ ಮುಗಿಯಿತು. 1963ರಲ್ಲಿ 255 ಪುಟ ಹಿಡಿದಿದ್ದ ಫೈಟ್–ಥಾಂಪ್ಸನ್ ಪ್ರಮೇಯದ ಸಾಧನೆಯನ್ನು ಜಾರ್ಜ್ ಗೊಂತಿಯೆ ಅವರ ತಂಡ ಆರು ವರ್ಷ ಕೂತು, ಕಾಕ್ ಎಂಬ ತಂತ್ರಾಂಶ ಸಾಲುಸಾಲಾಗಿ ಪರೀಕ್ಷಿಸುವಂತೆ ಬರೆದಿತ್ತು. ಮರುವರ್ಷ ಸಮ್ಮೇಳನದಲ್ಲಿ ಅದರ ಪ್ರಬಂಧ ಬಂತು. ಲೇಖಕರು 15 ಮಂದಿ, ಪಟ್ಟಿಯಲ್ಲಿ ಎಲ್ಲರಿಗೂ ಸಿಕ್ಕಿದ್ದು ಒಂದೊಂದು ಸಾಲು. ಆರು ವರ್ಷದ ಆ ಕೋಡ್ ಅನ್ನು ಅರ್ಜಿಯಲ್ಲಿ ತೋರಿಸಬೇಕಾದರೆ ಹುಡುಕಬೇಕಾದ ಕಾಲಂ ‘ಇತರೆ’.