600 ಮಂದಿಯ ಗುಂಪಿನಲ್ಲಿ ಮಾತಾಡುವವರು ಹತ್ತೇ ಜನ: ಏನು ಮಾಡುವುದು?

ಓದುಗರ ಪ್ರಶ್ನೆ: ಉಡುಪಿ ಜಿಲ್ಲೆಯ ಕಟಪಾಡಿ, ಶಿರ್ವ, ಶಂಕರಪುರ ಕಡೆಯ ನಾವು ಕೆಲವರು ಸೇರಿ, ತಾರಸಿಯಲ್ಲಿ ಮಲ್ಲಿಗೆ ಮತ್ತು ತರಕಾರಿ ಬೆಳೆಯುವವರಿಗಾಗಿ ಒಂದು ವಾಟ್ಸಾಪ್ ಗುಂಪು ಮಾಡಿದ್ದೇವೆ. ಈಗ ಮಂಗಳೂರು, ಕಾರ್ಕಳ, ಮುಂಬೈಯವರೂ ಸೇರಿ 600 ದಾಟಿದೆ. ಆದರೆ ಮಾತಾಡುವವರು ಯಾವಾಗಲೂ ಅದೇ ಹತ್ತು ಜನ. ಉಳಿದಂತೆ ಬರೀ ಶುಭೋದಯದ ಚಿತ್ರ, ಫಾರ್ವರ್ಡ್. ಇನ್ನಷ್ಟು ಜನರನ್ನು ಸೇರಿಸಿದರೆ ಸರಿಹೋದೀತೆ? ಅಥವಾ ಟೆಲಿಗ್ರಾಂಗೆ ಹೋಗಬೇಕೆ?

ಉತ್ತರ: ಜನರನ್ನು ಸೇರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ 600ರಲ್ಲಿ ಎಷ್ಟು ಮಂದಿ ತಾವಾಗಿ ಬಂದವರು, ಎಷ್ಟು ಮಂದಿಯನ್ನು ಯಾರದೋ ಫೋನಿನ ನಂಬರ್ ಪಟ್ಟಿಯಿಂದ ಎಳೆದು ಹಾಕಿದ್ದು ಎಂದು ಮೊದಲು ನೋಡಿ. ತನ್ನನ್ನು ಗುಂಪಿಗೆ ಯಾರು ಸೇರಿಸಬಹುದು ಎಂದು ತೀರ್ಮಾನಿಸುವ ಸೌಲಭ್ಯವನ್ನು ವಾಟ್ಸಾಪ್ 2019ರಲ್ಲೇ ಕೊಟ್ಟಿದೆ. ಆ ಸೆಟ್ಟಿಂಗ್ ಮುಟ್ಟಿಯೇ ಇಲ್ಲದವರು ನಮ್ಮಲ್ಲಿ ಬಹಳ. ಕೇಳದೆ ಸೇರಿಸಿದರೆ ಅವರು ಮುಲಾಜಿಗೆ ಹೊರಗೆ ಹೋಗುವುದಿಲ್ಲ, ಗುಂಪನ್ನು ಮ್ಯೂಟ್ ಮಾಡಿ ಸುಮ್ಮನಾಗುತ್ತಾರೆ. ಅಂಥವರಿಂದ ಸಂಖ್ಯೆ ಏರುತ್ತದೆ, ಗುಂಪು ಬೆಳೆಯುವುದಿಲ್ಲ.

ಇನ್ನು ಹತ್ತೇ ಜನ ಮಾತಾಡುತ್ತಾರೆ ಎಂಬ ಚಿಂತೆ. ಆನ್‌ಲೈನ್ ಬಳಗಗಳ ಬಗ್ಗೆ ವೆಬ್ ಬಳಕೆಯ ತಜ್ಞ ಜಾಕೋಬ್ ನೀಲ್ಸನ್ 2006ರಲ್ಲಿ ಬರೆದ ಒಂದು ಅಂದಾಜು ಪ್ರಸಿದ್ಧ: ನೂರರಲ್ಲಿ 90 ಮಂದಿ ನೋಡುತ್ತಾರೆ ಅಷ್ಟೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುತ್ತಾರೆ, ಒಬ್ಬರು ಮಾತ್ರ ಸದಾ ಬರೆಯುತ್ತಾರೆ. ಇದು ಸ್ಥೂಲ ಲೆಕ್ಕ, ಆದರೆ ನಿಮ್ಮ ಪ್ರಶ್ನೆಗೆ ಬೆಳಕು ಕೊಡುತ್ತದೆ. ಅದರ ಪ್ರಕಾರ 600ಕ್ಕೆ ಸದಾ ಮಾತಾಡುವವರು 6 ಇದ್ದರೆ ಸಾಕು. ನಿಮ್ಮಲ್ಲಿ ಹತ್ತು ಇದ್ದಾರೆ. ಕಾಣೆಯಾದವರು ಆಗಾಗ ಬಾಯಿ ಬಿಡಬೇಕಿದ್ದ ಆ 54 ಮಂದಿ. ಅವರು ಎಲ್ಲಿ ಹೋದರು ಎಂದು ಹುಡುಕಬೇಕು.

ಕಳೆದ ಎರಡು ತಿಂಗಳ ಮಾತುಕತೆಯನ್ನು ಹಿಂದಕ್ಕೆ ಸರಿಸುತ್ತಾ ಹೋಗಿ. ಮೊದಲ ಸಲ ಪ್ರಶ್ನೆ ಕೇಳಿದವರನ್ನು ಮಾತ್ರ ಗುರುತು ಮಾಡಿ. ಎಷ್ಟು ಮಂದಿಗೆ ಉತ್ತರ ಸಿಕ್ಕಿದೆ? ನಾನು ನೋಡಿದ ಹೆಚ್ಚಿನ ಗುಂಪುಗಳಲ್ಲಿ ಆಗುವುದು ಇದು: ಒಬ್ಬರು ಮಲ್ಲಿಗೆ ಗಿಡದ ಹಳದಿಯಾದ ಎಲೆಯ ಫೋಟೊ ಹಾಕಿ "ಇದಕ್ಕೆ ಏನು ಮಾಡುದು?" ಎಂದು ಕೇಳುತ್ತಾರೆ. ಕೆಳಗೆ ಮೂರು ಸೂರ್ಯೋದಯದ ಚಿತ್ರ, ಒಂದು ಹುಟ್ಟುಹಬ್ಬದ ಶುಭಾಶಯ. ಪ್ರಶ್ನೆ ಮೇಲೆ ಹೋಗಿ ಮರೆಯಾಗುತ್ತದೆ. ಕೇಳಿದವರು ಇನ್ನೊಮ್ಮೆ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಉಂಟು: ಸುಮ್ಮನೆ ನೋಡುತ್ತಿದ್ದ ನೂರಾರು ಮಂದಿಗೆ, ಇಲ್ಲಿ ಕೇಳಿ ಪ್ರಯೋಜನ ಇಲ್ಲ ಎಂದು ಅದೇ ಹೊತ್ತಿಗೆ ಗೊತ್ತಾಗಿಬಿಡುತ್ತದೆ.

ನಮ್ಮ ಊರಲ್ಲಿ ಜಗಲಿಗೆ ಬಂದವರಿಗೆ ಮೊದಲು ನೀರು, ಬೆಲ್ಲ, ಮಾತು ಆಮೇಲೆ. ಹೊಸಬರ ಮೊದಲ ಪ್ರಶ್ನೆಗೆ ಬರುವ ಉತ್ತರ ಅಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ. ಗುಂಪು ನಡೆಸುವ ಬೇರೆ ಎಲ್ಲ ಕೆಲಸಗಳನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ. ನಾಲ್ಕೈದು ಮಂದಿ ವಾರದ ದಿನಗಳನ್ನು ಹಂಚಿಕೊಳ್ಳಿ. ತಮ್ಮ ಪಾಳಿಯ ದಿನ ಬಂದ ಪ್ರಶ್ನೆಗೆ ಅಂದೇ ಏನಾದರೂ ಉತ್ತರ ಹೋಗುವಂತೆ ಅವರು ನೋಡಿಕೊಳ್ಳಲಿ. ಪರಿಹಾರವೇ ಆಗಬೇಕೆಂದಿಲ್ಲ. "ಅಕ್ಕ, ಎಲೆಯ ಹಿಂಬದಿಯ ಫೋಟೊ ಒಂದು ಹಾಕಿ. ಕುಂಡದಲ್ಲಿ ನೀರು ನಿಲ್ತದಾ?" ಎಂದರೂ ಸಾಕು. ಸಂದೇಶವನ್ನು ಒತ್ತಿ ಹಿಡಿದು ರಿಪ್ಲೈ ಮಾಡಿ, ಆಗ ಪ್ರಶ್ನೆಯೂ ಉತ್ತರದ ಜೊತೆ ಕೆಳಗೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲ ತಿಳಿದ ಹಿರಿಯರೊಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಪ್ರಶ್ನೆ ಬಿದ್ದ ಕೂಡಲೇ ಅವರ ಪೂರ್ಣ ಉತ್ತರ ಬರುತ್ತದೆ. ಅದು ಪುಣ್ಯದ ಕೆಲಸವೇ. ಆದರೂ ಅವರಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳಿ: "ಅಣ್ಣ, ಒಂದು ಗಂಟೆ ಕಾಯುವ." ಆ ಗಂಟೆಯಲ್ಲಿ, ಹೋದ ತಿಂಗಳು ಇದೇ ತೊಂದರೆ ಅನುಭವಿಸಿದವರ ಹೆಸರು ಹಿಡಿದು ಕರೆಯಿರಿ: "ನಿಮ್ಮ ಗಿಡ ಆಮೇಲೆ ಸರಿಯಾಯಿತಾ? ಏನು ಮಾಡಿದಿರಿ?" ಹೆಸರು ಹಿಡಿದು ಕೇಳಿದರೆ ಹೆಚ್ಚಿನವರು ಹೇಳುತ್ತಾರೆ. ಕಾಣೆಯಾದ 54ರಲ್ಲಿ ಒಬ್ಬರು ಹಾಗೆ ಸಿಕ್ಕಿದಂತಾಯಿತು.

ದಿನಕ್ಕೊಮ್ಮೆ ಗುಂಪನ್ನು ತೆರೆಯಲು ಜನರಿಗೆ ಒಂದು ಕಾರಣ ಬೇಕು. ಹೆಚ್ಚಿನ ಗುಂಪುಗಳಿಗೆ ಅದು ಸಿಗುವುದಿಲ್ಲ, ನಿಮಗೆ ಮನೆಬಾಗಿಲಲ್ಲೇ ಉಂಟು. ಶಂಕರಪುರ ಮಲ್ಲಿಗೆಗೆ ದಿನದಿನದ ದರ. 800 ಹೂವಿನ ಒಂದು ಚೆಂಡು, ನಾಲ್ಕು ಚೆಂಡಿನ ಒಂದು ಅಟ್ಟೆ. ಇವತ್ತು ಅಟ್ಟೆಗೆ ಎಷ್ಟು ಎಂಬುದು ಬೆಳೆಗಾರರು ದಿನವೂ ಕೇಳುವ ಮಾತು. ಹಬ್ಬ, ಮದುವೆಯ ಕಾಲದಲ್ಲಂತೂ ದರ ಏರುವ ವೇಗ ನಿಮಗೇ ಗೊತ್ತು. ಒಬ್ಬರು ಜವಾಬ್ದಾರಿ ಹೊತ್ತು, ಖಚಿತಪಡಿಸಿಕೊಂಡು, ದಿನವೂ ಒಂದೇ ಹೊತ್ತಿಗೆ ದರ ಹಾಕಲಿ. ಅದನ್ನು ನೋಡಲು ಬಂದವರ ಕಣ್ಣಿಗೆ ಬೀಳುವಂತೆ, ಅದರ ಬೆನ್ನಿಗೇ ಒಂದು ಸಣ್ಣ ಪ್ರಶ್ನೆ ಇರಲಿ: "ನಿಮ್ಮಲ್ಲಿ ಈ ವಾರ ಮೊಗ್ಗು ಹೇಗುಂಟು? ಹುಳದ ಉಪದ್ರ ಉಂಟಾ?"

ತರಕಾರಿಯವರಿಗೆ ಋತುವೇ ಕಾರಣ. ಮಳೆ ಹಿಡಿಯುವ ಮೊದಲು ಅಲಸಂಡೆ, ಬೆಂಡೆ, ಹೀರೆ ಬೀಜದ ವಿನಿಮಯ. ಆಟಿಯಲ್ಲಿ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಲ್ಲಿ, ಯಾರ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯಿತು, ಯಾರದು ಉಳಿಯಿತು. ಮಳೆ ಹಿಂದೆ ಸರಿದ ಮೇಲೆ ಹರಿವೆ, ಗುಳ್ಳ ಬದನೆಯ ಸಸಿ. "ಎಲ್ಲರೂ ಹೇಗಿದ್ದೀರಿ?" ಎಂಬ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ. "ನಿಮ್ಮ ಬಸಳೆ ಚಪ್ಪರದ ಫೋಟೊ ಹಾಕಿ" ಎಂದರೆ, ಒಂದಕ್ಷರ ಬರೆಯದವರೂ ತಾರಸಿ ಹತ್ತಿ ಫೋಟೊ ತೆಗೆಯುತ್ತಾರೆ.

ಬರೆಯದವರು ಎಂದಾಗ ನೆನಪಾಯಿತು. ಒಳ್ಳೆಯ ಬೆಳೆಗಾರರಲ್ಲಿ ಹಲವರಿಗೆ ಫೋನಿನಲ್ಲಿ ಟೈಪ್ ಮಾಡುವುದು ಕಷ್ಟ. ಅವರು ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಿ ಧ್ವನಿ ಸಂದೇಶ ಹಾಕಲಿ. "ಕನ್ನಡದಲ್ಲೇ ಬರೆಯಿರಿ" ಎಂಬ ನಿಯಮ ದಯವಿಟ್ಟು ಬೇಡ. ಆ ನಿಯಮದಿಂದ ಮೊದಲು ಬಾಯಿ ಮುಚ್ಚುವವರು ಹೆಚ್ಚು ಬಲ್ಲ ಅಜ್ಜಿಯಂದಿರು. ಆದರೆ ಧ್ವನಿ ಸಂದೇಶದ ಒಳಗಿನ ಮಾತು ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಅಡ್ಮಿನ್‌ಗಳಲ್ಲಿ ಯಾರಾದರೂ ಅದರ ಸಾರವನ್ನು ಎರಡು ಸಾಲಿನಲ್ಲಿ ಕೆಳಗೆ ಬರೆದು ಹಾಕಿ.

ಶುಭೋದಯದ ಚಿತ್ರ ಹಾಕುವವರನ್ನು ಗುಂಪಿನಲ್ಲೇ ಗದರಬೇಡಿ. ಅವರು ನಿಮ್ಮ ಮೇಲಿನ ಪ್ರೀತಿಯಿಂದಲೇ ಹಾಕುವುದು. ಫೋನ್ ಮಾಡಿ ಒಂದು ಮಾತು ಹೇಳಿ, ಹೆಚ್ಚಿನವರು ನಿಲ್ಲಿಸುತ್ತಾರೆ. ಆಮೇಲೂ ಬಂದರೆ ಅಡ್ಮಿನ್ ಅದನ್ನು ಎಲ್ಲರಿಗೂ ಕಾಣದಂತೆ ಅಳಿಸಬಹುದು. ಗುಂಪಿನ ವಿವರಣೆಯಲ್ಲಿ ಮೂರೇ ಸಾಲಿನ ನಿಯಮ ಸಾಕು: ಗಿಡದ ವಿಷಯ ಮಾತ್ರ, ಮಾರಾಟಕ್ಕೆ ವಾರದಲ್ಲಿ ಒಂದು ದಿನ, ಫಾರ್ವರ್ಡ್ ಬೇಡ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಮನೆಯಂಗಳದಲ್ಲಿ, ತಾರಸಿಯಲ್ಲಿ ಮಲ್ಲಿಗೆ ಬೆಳೆಯುವವರಲ್ಲಿ ಹೆಂಗಸರು ಬಹಳ ಮಂದಿ. ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರ್ ಉಳಿದ ಎಲ್ಲರಿಗೂ ಕಾಣುತ್ತದೆ. ಗಿಡದ ಫೋಟೊ ಹಾಕಿದ ಅರ್ಧ ಗಂಟೆಯಲ್ಲಿ ಅಪರಿಚಿತನೊಬ್ಬ ಪ್ರತ್ಯೇಕವಾಗಿ "ಹಾಯ್ ಮೇಡಂ" ಎಂದು ಶುರುಮಾಡಿದರೆ, ಆಕೆ ಮತ್ತೆ ಫೋಟೊ ಹಾಕುವಳೆ? ಎಷ್ಟೋ ಮೌನದ ಹಿಂದೆ ಇಂಥ ಕಾರಣ ಇರುತ್ತದೆ, ಮತ್ತು ಯಾರೂ ಅದನ್ನು ಗಂಡಸರಾದ ಅಡ್ಮಿನ್‌ಗಳ ಬಳಿ ಹೇಳುವುದಿಲ್ಲ. ಕನಿಷ್ಠ ಇಬ್ಬರು ಮಹಿಳಾ ಅಡ್ಮಿನ್‌ಗಳು ಇರಲಿ, ತೊಂದರೆಯಾದರೆ ಅವರಿಗೆ ಹೇಳಬಹುದು ಎಂದು ತಿಂಗಳಿಗೊಮ್ಮೆ ತಿಳಿಸಿ. ದೂರು ನಿಜವೆಂದು ಕಂಡರೆ ಆ ಮನುಷ್ಯನನ್ನು ಅಂದೇ ತೆಗೆಯಿರಿ, ಅವನು ಎಷ್ಟು ಹಳೆಯ ಸದಸ್ಯನಾದರೂ. ಗುಂಪಿನ ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಹಾಕಿದ್ದರೆ ರಿಸೆಟ್ ಮಾಡಿ. ಹೊಸಬರು ಅಡ್ಮಿನ್ ಒಪ್ಪಿದರೆ ಮಾತ್ರ ಒಳಬರುವ ಸೆಟ್ಟಿಂಗ್ ಹಾಕಿ, ಒಪ್ಪುವ ಮೊದಲು "ನೀವು ಏನು ಬೆಳೆಸುತ್ತೀರಿ?" ಎಂದು ಕೇಳಿ. ಷೇರು ವ್ಯಾಪಾರದ ಆಮಿಷ ಒಡ್ಡುವ ಮೋಸಗಾರರು ಆ ಪ್ರಶ್ನೆಗೆ ಉತ್ತರಿಸುವ ಗೋಜಿಗೆ ಹೋಗುವುದು ಕಡಿಮೆ.

ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕಾಗುತ್ತದೆ ಎಂಬ ಹೆದರಿಕೆಯಿಂದ ಯಾರೂ ಅಡ್ಮಿನ್ ಆಗಲು ಒಪ್ಪದಿರಬಹುದು. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ 2022ರಲ್ಲಿ ಕೇರಳ ಹೈಕೋರ್ಟೂ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬರ ಸಂದೇಶದ ಅಪರಾಧವನ್ನು ಅವರ ತಲೆಗೆ ಕಟ್ಟಲಾಗದು ಎಂದು ಹೇಳಿವೆ. ತಾನೇ ಫಾರ್ವರ್ಡ್ ಮಾಡಿದರೆ, ಕೈಜೋಡಿಸಿದ್ದರೆ ಮಾತು ಬೇರೆ. ಕರಾವಳಿಯಲ್ಲಿ ಏನಾದರೂ ಗಲಾಟೆಯ ಸುದ್ದಿ ಎದ್ದ ದಿನ, ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಬೀಗ ಹಾಕಿಬಿಡಿ. ಎರಡು ದಿನ ಬಸಳೆಯ ಸುದ್ದಿ ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ.

ಟೆಲಿಗ್ರಾಂ? ಅದರಲ್ಲಿ ಎರಡು ಲಕ್ಷ ಮಂದಿಯ ಗುಂಪು ಮಾಡಬಹುದು, ನಂಬರ್ ಮರೆಮಾಡಬಹುದು, ಹೊಸಬರಿಗೆ ಹಳೆಯ ಮಾತುಕತೆ ಕಾಣುವಂತೆ ಮಾಡಬಹುದು. ಎಲ್ಲವೂ ಒಳ್ಳೆಯದೇ. ಆದರೆ ನಿಮ್ಮ ಹೂವಿನವರು ಇರುವುದು ವಾಟ್ಸಾಪ್‌ನಲ್ಲಿ. ಇನ್ನೊಂದು ಆ್ಯಪ್ ಹಾಕಿಸುವಷ್ಟರಲ್ಲಿ ಅರ್ಧದಷ್ಟು ಮಂದಿ ಹಿಂದೆ ಉಳಿಯುತ್ತಾರೆ, ಹಾಗೆ ಉಳಿಯುವವರಲ್ಲಿ ಚೆನ್ನಾಗಿ ಬಲ್ಲವರೇ ಹೆಚ್ಚಿರುತ್ತಾರೆ. ವಾಟ್ಸಾಪ್ ಗುಂಪಿನ ಮಿತಿ 1024. ಅದರ ತನಕ ಅಲ್ಲೇ ಇರಿ. ಅಷ್ಟರೊಳಗೆ ಯಾರದಾದರೂ ಅಂಗಳದಲ್ಲಿ ಒಂದು ಭಾನುವಾರ ಗಿಡ, ಬೀಜದ ವಿನಿಮಯಕ್ಕೆ ಎಲ್ಲರನ್ನೂ ಕರೆಯಿರಿ. ಮೂವತ್ತು ಮಂದಿ ಬಂದರೂ ಸಾಕು, ಮುಖ ನೋಡಿದವರ ಪ್ರಶ್ನೆಗೆ ಉತ್ತರಿಸದೆ ಇರಲು ಯಾರಿಗೂ ಮನಸ್ಸು ಬಾರದು. ಗುಂಪು ತುಂಬಿದಾಗ ಊರಿನ ಪ್ರಕಾರ ಒಡೆಯಬೇಡಿ. ಮಂಗಳೂರಿನ ತಾರಸಿಯವರಿಗೆ ಶಿರ್ವದವರ ಅನುಭವ ಬೇಕು. ಮೊದಲು ಮಾರಾಟವನ್ನು ಬೇರೆ ಗುಂಪಿಗೆ ಸಾಗಿಸಿ, ಆಮೇಲೆ ಬೇಕಾದರೆ ತರಕಾರಿಯನ್ನು. ಪ್ರತಿ ಹೊಸ ಗುಂಪಿಗೂ ದಿನ ಹಂಚಿಕೊಂಡು ಉತ್ತರ ಕೊಡುವ ನಾಲ್ಕು ಮಂದಿ ಸಿಕ್ಕಿದ ಮೇಲೆಯೇ ಅದನ್ನು ತೆರೆಯಿರಿ.